ಕಾಣದ ಹಾಳೆಗೆ ಸುಂಕ



ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ಹಾದಿಯ ಮಗ್ಗುಲಲ್ಲಿ ಸಣ್ಣದೊಂದು ಗಿರಣಿಯನ್ನಿಟ್ಟುಕೊಂಡು, ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟಿ ಮಾರುವ ನನ್ನ ಮಿತ್ರರೊಬ್ಬರು, ಕಳೆದ ಆಷಾಢದ ಒಂದು ಸಂಜೆ ಜಡಿಮಳೆಯಲ್ಲಿ ಕೊಡೆ ಹಿಡಿದು ನಮ್ಮ ಮನೆಗೆ ಬಂದವರು, ಒದ್ದೆಯಾಗದಂತೆ ಒಳಜೇಬಿನಲ್ಲಿಟ್ಟುಕೊಂಡಿದ್ದ ಅಂಗೈಯಗಲದ ಮೂರು ತುಣುಕುಗಳನ್ನು ತೆಗೆದು ಮೇಜಿನ ಮೇಲೆ ಹರವಿ, ‘ಇವು ಏನು, ಹೇಳಿ ನೋಡೋಣ’ ಎಂದರು. ಮೂರರ ಮೂಲಕವೂ ಮೇಜಿನ ಮರದ ಗೆರೆಗಳು ಕಾಣುತ್ತಿದ್ದುವು. ‘ಪ್ಲಾಸ್ಟಿಕ್ಕು’ ಎಂದೆ. ‘ಮೂರೂ?’ ‘ಮೂರೂ.’ ‘ಹಾಗಾದರೆ ಪಣಂಬೂರಿನ ಸುಂಕದ ಕಟ್ಟೆಯಲ್ಲಿ ನೀವು ಅರ್ಧ ಗಳಿಗೆಯೂ ನಿಲ್ಲಲಾರಿರಿ’ ಎಂದು ಅವರು ನಕ್ಕು ಬೆಂಕಿಪೆಟ್ಟಿಗೆ ಕೇಳಿದರು.

ಮೊದಲನೆಯ ತುಣುಕು ಮಂಜು ಮುಸುಕಿದ ಗಾಜಿನಂತೆ ಮಬ್ಬಾಗಿತ್ತು; ಅಂಚಿಗೆ ಕಡ್ಡಿ ಹಿಡಿದೊಡನೆ ಹಳೆಯ ಪಂಚಾಂಗದ ಹಾಳೆಯಂತೆ ಉರಿದು ಬೂದಿಯಾಯಿತು. ಎರಡನೆಯದು ನೀರಿನಷ್ಟು ತಿಳಿ. ಕೈಯಲ್ಲಿ ಮುದುಡಿದರೆ ಒಣಗಿದ ತರಗೆಲೆಯ ಸದ್ದು. ಅದೂ ಕಾಗದದಂತೆಯೇ ಉರಿದು, ಸುಟ್ಟ ಕಾಗದದ ಕಮಟನ್ನೇ ಬಿಟ್ಟು, ಬೂದಿಯಾಯಿತು. ಮೂರನೆಯದು ಮಾತ್ರ ಜ್ವಾಲೆ ಸಮೀಪಿಸುತ್ತಿದ್ದಂತೆಯೇ ಮೈ ಮುದುಡಿ, ಕರಗಿ, ತಟ್ಟೆಯ ಮೇಲೆ ತೊಟ್ಟಿಕ್ಕಿ, ಆಗತಾನೆ ಆರಿಸಿದ ಮೇಣದಬತ್ತಿಯ ವಾಸನೆಯನ್ನು ಕೋಣೆಯಲ್ಲೆಲ್ಲ ಹರಡಿತು. ಮೂಗಿನ ಸಾಕ್ಷ್ಯವನ್ನು ನಂಬುವುದಾದರೆ ಮೊದಲ ಎರಡು ಒಂದು ಜಾತಿ, ಮೂರನೆಯದು ಬೇರೆ. ಆದರೆ ಸರ್ಕಾರದ ಸುಂಕಪಟ್ಟಿಯನ್ನು ನಂಬುವುದಾದರೆ ಮೊದಲನೆಯದು ಒಂದು ಜಾತಿ, ಕೊನೆಯ ಎರಡು ಇನ್ನೊಂದು. ಈ ವೈಚಿತ್ರ್ಯವನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದು ನಾನು ಬಂದಿದ್ದೇನೆ.

ಮೊದಲನೆಯದು ಗ್ಲಾಸಿನ್ ಕಾಗದ. ಮರದ ತಿರುಳನ್ನು ಬಹುಕಾಲ ಅರೆದು, ಉರುಳೆಗಳ ನಡುವೆ ಒತ್ತಿ ಒತ್ತಿ ಮೆರುಗುಕೊಟ್ಟು, ಅರೆಪಾರದರ್ಶಕವಾಗುವಂತೆ ಮಾಡಿದ್ದು. ಎರಡನೆಯದು ಸೆಲೊಫೇನು. ಬಾಲ್ಯದಲ್ಲಿ ನಾವು ಕೆಂಪು ಹಸುರು ಪೆಪ್ಪರಮಿಂಟಿನ ಸಿಪ್ಪೆಯನ್ನು ಕಣ್ಣಿಗೆ ಹಿಡಿದು ಊರನ್ನೆಲ್ಲ ಕೆಂಪಾಗಿಯೂ ಹಸುರಾಗಿಯೂ ನೋಡಿದೆವಲ್ಲ, ಅಂಗಡಿಯವರು ಇಂದಿಗೂ ‘ಜಿಲೇಟಿನ್ ಪೇಪರು’ ಎನ್ನುತ್ತಾರಲ್ಲ, ಅದೇ. ಅದರಲ್ಲಿ ಜಿಲೇಟಿನ್ನಿನ ಲೇಶವೂ ಇಲ್ಲ. ಅದರ ಒಡಲು ಅಪ್ಪಟ ಮರ. ಮರದ ತಿರುಳನ್ನು ದಾಹಕ ಕ್ಷಾರದಲ್ಲಿಯೂ ಇಂಗಾಲದ ಡೈಸಲ್ಫೈಡಿನಲ್ಲಿಯೂ ಕರಗಿಸಿ, ಜೇನಿನಂತಹ ಮಂದದ್ರವವನ್ನಾಗಿಸಿ, ಅದನ್ನು ಸೀಳುಗಂಡಿಯ ಮೂಲಕ ಆಮ್ಲದ ತೊಟ್ಟಿಗೆ ಹರಿಯಬಿಟ್ಟರೆ ಹಾಳೆಯಾಗಿ ಹೆಪ್ಪುಗಟ್ಟುತ್ತದೆ. ಸೂಜಿರಂಧ್ರಗಳ ಮೂಲಕ ಬಿಟ್ಟರೆ ರೇಯಾನ್ ನೂಲಾಗುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಬ್ರಾಂಡೆನ್‌ಬರ್ಗರ್ ಎಂಬಾತನು ಹೋಟೆಲಿನ ಮೇಜಿನ ಹಾಸಿನ ಮೇಲೆ ದ್ರಾಕ್ಷಾರಸ ಚೆಲ್ಲಿದ್ದನ್ನು ಕಂಡು, ಕಲೆ ಹಿಡಿಯದ ಬಟ್ಟೆಯನ್ನು ಮಾಡಹೊರಟು, ಬಟ್ಟೆಗೆ ಬಳಿದ ಲೇಪ ಹಾಳೆಯಾಗಿ ಸುಲಿದು ಬಂದಾಗ ಬಟ್ಟೆಯನ್ನು ಮರೆತು ಲೇಪವನ್ನೇ ಹಿಡಿದನೆಂದು ಕಥೆಯಿದೆ. ಕಳೆದ ಶತಮಾನದ ಆರಂಭದ ಮಾತು ಅದು. ಆ ಹಾಳೆ ತೇವವನ್ನು ತಡೆಯುತ್ತಿರಲಿಲ್ಲ. 1927ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಚಾರ್ಚ್ ಎಂಬುವನು ಅದಕ್ಕೆ ತೇವನಿರೋಧಕವಾದ ಲೇಪವನ್ನು ಕಂಡುಹಿಡಿದ ಮೇಲೆಯೇ ಅದು ಆಹಾರದ ಉಡುಪಾದದ್ದು. ಮೂರನೆಯ ತುಣುಕು, ಮಿತ್ರರು ‘ಬಿಒಪಿಪಿ’ ಎಂದು ಉಸಿರುಬಿಡದೆ ಹೇಳುವ ಪಾಲಿಪ್ರಾಪಿಲೀನ್ ಹಾಳೆ. ಉದ್ದಕ್ಕೂ ಅಡ್ಡಕ್ಕೂ ಎಳೆದು ಹಿಗ್ಗಿಸಿ ಹೊಳಪನ್ನೂ ಗಟ್ಟಿತನವನ್ನೂ ಬರಿಸಿದ್ದು. ಇದರ ಮೂಲ ನೆಲದಾಳದ ಎಣ್ಣೆ.

ಈಗ ಪಟ್ಟಿಯನ್ನು ತೆರೆಯೋಣ. ಗ್ಲಾಸಿನ್ನು 48ನೆಯ ಅಧ್ಯಾಯದಲ್ಲಿ, ಕಾಗದಗಳ ಮನೆಯಲ್ಲಿ, 4806 ಎಂಬ ಶೀರ್ಷಿಕೆಯ ಕೆಳಗೆ ಇದೆ. ಸೆಲೊಫೇನು 39ನೆಯ ಅಧ್ಯಾಯದಲ್ಲಿ, ಪ್ಲಾಸ್ಟಿಕ್ಕುಗಳ ಮನೆಯಲ್ಲಿ, 3920 71 ಎಂಬಲ್ಲಿದೆ. ಪಾಲಿಪ್ರಾಪಿಲೀನು ಅದೇ ಮನೆಯ ಇನ್ನೊಂದು ಕೋಣೆಯಲ್ಲಿ, 3920 20ರಲ್ಲಿ. ಒಂದೇ ಮರದ ಎರಡು ಮಕ್ಕಳಲ್ಲಿ ಒಬ್ಬನು ತಂದೆಯ ಮನೆಯಲ್ಲುಳಿದು, ಇನ್ನೊಬ್ಬನು ಎಣ್ಣೆಯ ವಂಶಕ್ಕೆ ದತ್ತುಹೋದಂತಾಯಿತು. ಕಾರಣವೇನೆಂದರೆ, ಕಾಗದದಲ್ಲಿ ಮರದ ನಾರು ನಾರಾಗಿಯೇ ಉಳಿದಿರುತ್ತದೆ. ಸೆಲೊಫೇನಿನಲ್ಲಿ ನಾರು ಪೂರ್ತಿ ಕರಗಿ, ರೂಪವಳಿದು, ಮತ್ತೊಂದು ಜನ್ಮವನ್ನೆತ್ತಿರುತ್ತದೆ. ಪಟ್ಟಿ ಬರೆದವರು ಗೋತ್ರವನ್ನು ನೋಡಲಿಲ್ಲ, ಸಂಸ್ಕಾರವನ್ನು ನೋಡಿದರು.

ಇದೇನೂ ನಮಗೆ ದೂರದ ಮಾತಲ್ಲ. ಕುದುರೆಮುಖದ ಸೆರಗಿನ ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಬಳಸಿ ಹರಿಯುವ ನಮ್ಮ ಭದ್ರೆಯೇ, 1936ರಲ್ಲಿ ಸ್ಥಾಪಿತವಾಗಿ ಈಗ ಸ್ತಬ್ಧವಾಗಿರುವ ಭದ್ರಾವತಿಯ ಕಾಗದದ ಕಾರ್ಖಾನೆಗೆ ನೀರುಣಿಸಿ, ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ಮುಂದೆ ಸಾಗಿ, ಹರಿಹರದ ಎದುರುದಡದಲ್ಲಿ ನೀಲಗಿರಿ ಮರವನ್ನು ರೇಯಾನಿನ ತಿರುಳಾಗಿಸುವ ಕಾರ್ಖಾನೆಯ ಮಗ್ಗುಲಲ್ಲಿಯೂ ಹರಿಯುತ್ತಾಳೆ. ನಾರನ್ನು ಉಳಿಸಿಕೊಳ್ಳುವ ವಿದ್ಯೆ, ನಾರನ್ನು ಕರಗಿಸುವ ವಿದ್ಯೆ, ಎರಡೂ ಒಂದೇ ನದಿಯ ದಂಡೆಯಲ್ಲಿ ನೆಲೆಗೊಂಡವು.

ಪಟ್ಟಿಯೆಂದೆನಲ್ಲ, ಅದರ ವಿಚಾರ ಎರಡು ಮಾತು. ಬ್ರಸೆಲ್ಸಿನಲ್ಲಿ ನೆಲೆಸಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡು 1988ರ ಜನವರಿ 1ರಂದು ಜಾರಿಗೆ ಬಂದ ‘ಹಾರ್ಮೊನೈಸ್ಡ್ ಸಿಸ್ಟಮ್’ ಎಂಬ ಸಮನ್ವಿತ ವ್ಯವಸ್ಥೆಗೆ ಭಾರತವು 1986ರಲ್ಲಿಯೇ, ಅಂದರೆ ಹುಟ್ಟುವ ಮೊದಲೇ ನಾಮಕರಣವೆಂಬಂತೆ, ತನ್ನ 1975ರ ಸುಂಕಪಟ್ಟಿ ಕಾಯಿದೆಯನ್ನು ಹೊಂದಿಸಿಕೊಂಡಿತು. ಜಗತ್ತಿನಲ್ಲಿ ಕೊಳ್ಳುವ ಮಾರುವ ಸಮಸ್ತ ಪದಾರ್ಥಗಳೂ, ಜೀವಂತ ಕುದುರೆಯಿಂದ ಪುರಾತನ ವಿಗ್ರಹದವರೆಗೆ, 21 ವಿಭಾಗಗಳಲ್ಲಿ 97 ಅಧ್ಯಾಯಗಳಲ್ಲಿ ಅಡಗಿವೆ. 77ನೆಯ ಅಧ್ಯಾಯವನ್ನು ಮಾತ್ರ, ಮುಂದೆಂದೋ ಬರುವ ಅತಿಥಿಗೆಂದು, ಖಾಲಿ ಬಿಟ್ಟಿದ್ದಾರೆ. ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಸಮಾನ. ಅದರಾಚೆಗೆ ಆಯಾ ದೇಶ ತನ್ನ ಅನುಕೂಲದಂತೆ ಅಂಕಿ ಸೇರಿಸಿಕೊಳ್ಳಬಹುದು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲವೆಂದು ಗಾದೆ ಕಟ್ಟಿದ ಜನ ನಾವು. ವರ್ಗೀಕರಣದ ಕಷ್ಟವೂ ನಮಗೆ ಹೊಸದಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿಯೇ ಇದೆ, ಅದರ ಇಂದಿನ ಹೆಸರೇ ‘ಅಂಗಡಿ’. ಆ ಕಾಲದ ಶಾಸನಗಳನ್ನು ತಿರುವಿದರೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಎಂದು ಸುಂಕಗಳ ಸಾಲೇ ಎದುರಾಗುತ್ತದೆ. ಹೆಜ್ಜುಂಕವೆಂದರೆ ದೊಡ್ಡ ಸರಕಿನ ಮೇಲಣ ಸುಂಕ. ಕಿರುಕುಳವೆಂದರೆ ಚಿಲ್ಲರೆ ಸರಕುಗಳದು. ಆ ಕಿರುಕುಳವೆಂಬ ಮಾತು ಇಂದು ಪೀಡೆಯೆಂಬ ಅರ್ಥದಲ್ಲಿ ಮಾತ್ರ ಬಳಕೆಯಲ್ಲಿರುವುದಕ್ಕೆ ಭಾಷಾಶಾಸ್ತ್ರಜ್ಞರು ಬೇರೇನೋ ಕಾರಣ ಕೊಟ್ಟಾರು. ಚಿಲ್ಲರೆ ಸರಕು ತರಿಸಿದವನನ್ನು ಕೇಳಿದರೆ ವ್ಯುತ್ಪತ್ತಿ ಬೇಗ ಸಿಗುತ್ತದೆ. ಹಾಗೆಂದು ಕಟ್ಟೆಯವರೆಲ್ಲ ಕಠಿಣರೆಂದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೂ ಒಬ್ಬನಿದ್ದನಷ್ಟೆ.

ನನ್ನ ಮಿತ್ರರ ತೊಡಕಿಗೆ ಬರುತ್ತೇನೆ. ಅವರ ತಂದೆಯವರಿಗೆ ಈ ತೊಡಕು ಇರಲಿಲ್ಲ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಬೋರ್ಡಿನ ‘ಪೂಲಿ’ಗೆ ಒಪ್ಪಿಸಿ, ಹಣ ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದನೇ ಹೊರತು ತನ್ನ ಬೀಜಕ್ಕೆ ಉಡುಪು ಹೊಲಿಸುವ ಗೊಡವೆ ಅವನದಾಗಿರಲಿಲ್ಲ, ಗೋಣಿಚೀಲವೊಂದು ಸಾಕಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಪೂರ್ಣವಾಗಿ ಬಿಚ್ಚಿದ ಮೇಲೆ, ತನ್ನ ಹೆಸರಿನ ಪೊಟ್ಟಣದಲ್ಲಿ ತನ್ನ ಪುಡಿಯನ್ನು ಮಾರುವ ಆಸೆ ಬೆಳೆಗಾರನಿಗೆ ಹುಟ್ಟಿತು; ಆಸೆಯ ಬೆನ್ನಿಗೇ ಹಾಳೆಯ ಚಿಂತೆಯೂ ಹುಟ್ಟಿತು.

ಅವರಿಗೆ ಹೊರದೇಶದ ಮಾರಾಟಗಾರನೊಬ್ಬ ಒಂದೇ ಹಾಳೆಯನ್ನು ಮೂರು ರೂಪದಲ್ಲಿ ಕೊಡುವುದಾಗಿ ಬರೆದಿದ್ದ. ಚಪ್ಪಟೆಯಾದ ಸುರುಳಿ, ಎರಡು ಪದರವೂ ಒಂದಕ್ಕೊಂದು ಅಂಟಿ ಕುಳಿತ ಕೊಳವೆಯ ಸುರುಳಿ, ತಳ ಬೆಸೆದ ಸಿದ್ಧ ಚೀಲ. ಮಿತ್ರರು ಇದನ್ನು ಬೆಲೆಯ ಪ್ರಶ್ನೆಯೆಂದು ಬಗೆದಿದ್ದರು. ಮಂಗಳೂರಿನ ಕಸ್ಟಮ್ಸ್ ಏಜೆಂಟರು ಇದು ಹೆಸರಿನ ಪ್ರಶ್ನೆಯೆಂದು ತಿಳಿಯಹೇಳಿದರಂತೆ. ಚಪ್ಪಟೆ ಸುರುಳಿ 3920, ಕೊಳವೆಯಾದರೆ 3917, ಬೆನ್ನಿಗೆ ಅಂಟು ಬಳಿದರೆ 3919, ತಳ ಬೆಸೆದು ಚೀಲವಾದೊಡನೆ 3923. ಇದಕ್ಕಿಂತ ಸೂಕ್ಷ್ಮವಾದ ಮಾತು ಆ ಅಧ್ಯಾಯದ ಹತ್ತನೆಯ ಟಿಪ್ಪಣಿಯಲ್ಲಿದೆ. ಹಾಳೆಯನ್ನು ಚೌಕವಾಗಿಯೋ ಆಯತವಾಗಿಯೋ ಕತ್ತರಿಸಿ, ಅದು ಆ ಕ್ಷಣವೇ ಬಳಕೆಗೆ ಸಿದ್ಧವಾದ ಸರಕಾಗಿದ್ದರೂ ಸಹ, ಕಾನೂನಿನ ಕಣ್ಣಿಗೆ ಅದು ಹಾಳೆಯೇ. ಮೇಲೆ ಅಕ್ಷರ ಅಚ್ಚಾಗಿದ್ದರೂ ಹಾಳೆಯೇ. ಆದರೆ ಅದನ್ನೇ ದುಂಡಗೆ ಕತ್ತರಿಸಿದಿರೋ, ಅದು ಹಾಳೆಯ ಜಾತಿಯಿಂದ ಹೊರಬಿತ್ತು. ನಾಲ್ಕು ಮೂಲೆಗಳಿರುವವರೆಗೆ ಬಾಲ್ಯ. ಕತ್ತರಿ ಬಳಸಿ ತಿರುಗಿತೆಂದರೆ ಪ್ರಾಯ.

ಈ ಹೆಸರುಗಳ ಬೆಲೆ ಎಷ್ಟು? ಲೆಕ್ಕ ಹಾಕಿಯೇ ಹೇಳುತ್ತೇನೆ, ಲೆಕ್ಕದ ಮಾತು ಬಾನುಲಿಯಲ್ಲಿ ರುಚಿಸದಿದ್ದರೂ. ಸರಕಿನ ಕ್ರಯ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ 100 ರೂಪಾಯಿಯ ಹಾಳೆಯ ಸುರುಳಿ ಬಂದಿತೆನ್ನಿ. ಅದಕ್ಕೆ ಮೂಲಸುಂಕ ನೂರಕ್ಕೆ 10. ಆ ಸುಂಕದ ಮೇಲೆ ಹತ್ತನೆಯ ಒಂದು ಭಾಗ ಸಮಾಜಕಲ್ಯಾಣದ ಹೆಸರಿನಲ್ಲಿ, ಅಂದರೆ 1 ರೂಪಾಯಿ. ಆ 111ರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ, 19 ರೂಪಾಯಿ 98 ಪೈಸೆ. ಒಟ್ಟು 130 ರೂಪಾಯಿ 98 ಪೈಸೆ. ಅದೇ 100 ರೂಪಾಯಿಯ ಸರಕು ಚೀಲವಾಗಿ ಬಂದರೆ ಮೂಲಸುಂಕ 15. 2018ರ ಸೆಪ್ಟೆಂಬರಿನಲ್ಲಿ ಸರ್ಕಾರ ಪೊಟ್ಟಣ ಕಟ್ಟುವ ಪ್ಲಾಸ್ಟಿಕ್ ವಸ್ತುಗಳ ಸುಂಕವನ್ನು ಹತ್ತರಿಂದ ಹದಿನೈದಕ್ಕೆ ಏರಿಸಿತಷ್ಟೆ. ಕಲ್ಯಾಣದ ಪಾಲು ಒಂದೂವರೆ. ಜಿಎಸ್‌ಟಿ 20 ರೂಪಾಯಿ 97 ಪೈಸೆ. ಒಟ್ಟು 137 ರೂಪಾಯಿ 47 ಪೈಸೆ. ತಳದಲ್ಲಿ ಒಂದು ಬಿಸಿಗೆರೆ ಎಳೆದುದಕ್ಕೆ ಆರೂವರೆ ರೂಪಾಯಿ. ಜಿಎಸ್‌ಟಿಯನ್ನು ನೋಂದಾಯಿತ ವರ್ತಕನು ಮುಂದಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಲ್ಲ; ಸಣ್ಣವರಿಗೆಂದೇ ಇರುವ ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಂಡವನಿಗೆ ಆ ಸೌಲಭ್ಯವೂ ಇಲ್ಲ.

ಇದರಲ್ಲೊಂದು ನೀತಿ ಅಡಗಿದೆ. ಪ್ಲಾಸ್ಟಿಕ್ಕಿನ ಹರಳಿಗೆ ಸುಂಕ ಏಳೂವರೆ, ಹಾಳೆಗೆ ಹತ್ತು, ಚೀಲಕ್ಕೆ ಹದಿನೈದು. ಸರಕು ಸಿದ್ಧವಾದಷ್ಟೂ ಮೆಟ್ಟಿಲು ಎತ್ತರ. ಎಳೆಯುವ ಕೆಲಸ, ಕತ್ತರಿಸುವ ಕೆಲಸ, ಬೆಸೆಯುವ ಕೆಲಸ ನಮ್ಮ ನೆಲದಲ್ಲಿಯೇ ನಡೆಯಲೆಂಬುದು ಇದರ ಹೃದಯ; ಧಾರವಾಡದಂತಹ ನಮ್ಮ ಊರಿನಲ್ಲಿಯೇ ಈಗ ಪಾಲಿಯೆಸ್ಟರ್ ಹಾಳೆಯ ದೊಡ್ಡ ಕಾರ್ಖಾನೆ ಎದ್ದಿರುವಾಗ ಈ ನೀತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಒಂದು ಮಾತಿದೆ. ಸುರುಳಿಯಿಂದ ಚೀಲ ಮಾಡಿ ತುಂಬಿ ಮುಚ್ಚುವ ಯಂತ್ರ ಸಿರಿವಂತನಲ್ಲಿರುತ್ತದೆ. ನನ್ನ ಮಿತ್ರರಲ್ಲಿ ಇರುವುದು ಕಾಲಿನಿಂದ ಒತ್ತುವ ಒಂದು ಸೀಲಿಂಗ್ ಮಷೀನು. ಅವರಿಗೆ ಒಗ್ಗುವುದು ಸಿದ್ಧ ಚೀಲವೇ. ಎತ್ತರದ ಮೆಟ್ಟಿಲು ಗಿಡ್ಡನ ಪಾಲಿಗೇ ಬಿದ್ದಿತು.

ಚೀಲವನ್ನು ಹಾಳೆಯೆಂದು ಬರೆದು ಪಾರಾಗಬಹುದಲ್ಲ ಎಂದು ಯಾರಾದರೂ ಕೇಳಿಯಾರು. 2011ರಿಂದೀಚೆಗೆ ಸುಂಕ ನಿರ್ಣಯದ ಮೊದಲ ಹೊಣೆ ಆಮದುದಾರನದೇ. ಬಿಲ್ ಆಫ್ ಎಂಟ್ರಿಯಲ್ಲಿ ತನ್ನ ಸರಕಿನ ಸಂಖ್ಯೆಯನ್ನು ತಾನೇ ಬರೆಯಬೇಕು. ತಪ್ಪು ಬರೆದರೆ ಎರಡು ವರ್ಷದವರೆಗೆ, ವಂಚನೆಯೆಂದು ಕಂಡುಬಂದರೆ ಐದು ವರ್ಷದವರೆಗೆ, ಬಾಕಿಯನ್ನು ಬಡ್ಡಿಸಹಿತ ಕೇಳುವ ಅಧಿಕಾರ 1962ರ ಕಸ್ಟಮ್ಸ್ ಕಾಯಿದೆಯ 28ನೆಯ ಪ್ರಕರಣದಲ್ಲಿದೆ. ಪುಡಿಯೆಲ್ಲ ಮಾರಾಟವಾಗಿ, ಕುಡಿದವರು ಲೋಟ ತೊಳೆದಿಟ್ಟ ಎಷ್ಟೋ ಕಾಲದ ಮೇಲೆ ನೋಟೀಸು ಬಂದರೆ ಯಾರ ಬಳಿ ವಸೂಲು ಮಾಡುವುದು?

ನನಗೆ ಈ ಶಾಸ್ತ್ರ ಅರ್ಥವಾದದ್ದು ಕಾನೂನಿನ ಪುಸ್ತಕದಿಂದಲ್ಲ, ಕಾಫಿಯಿಂದ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋದವರೆಲ್ಲ ಜರಡಿಗಳನ್ನು ನೋಡಿದ್ದೀರಿ. 6.65 ಮಿಲಿಮೀಟರಿನ ರಂಧ್ರದ ಮೇಲೆ ನಿಂತ ಬೀಜ ಪ್ಲಾಂಟೇಷನ್ ‘ಎ’. ಅದರ ಕೆಳಗಿಳಿದದ್ದು ‘ಬಿ’, ‘ಸಿ’. ಹಣ್ಣಿನಲ್ಲಿ ಎರಡಿರುವಲ್ಲಿ ಒಂದೇ ದುಂಡಗೆ ಬಲಿತದ್ದು ‘ಪಿಬಿ’. ಒಂದೇ ಗಿಡ, ಒಂದೇ ರೆಂಬೆ, ಒಂದೇ ದಿನದ ಕೊಯ್ಲು. ಜರಡಿ ದಾಟಿದ ಮೇಲೆ ಹೆಸರು ಬೇರೆ, ಬೆಲೆ ಬೇರೆ. ಭಾರತದ ಸುಂಕಪಟ್ಟಿಯ 0901ನೆಯ ಶೀರ್ಷಿಕೆಯನ್ನು ತೆರೆದರೆ ಎಂಟಂಕಿಯ ಸಾಲುಗಳಲ್ಲಿ ಈ ‘ಪ್ಲಾಂಟೇಷನ್ ಎ’, ‘ಚೆರಿ ಪಿಬಿ’, ‘ರೋಬಸ್ಟಾ ಪಾರ್ಚ್‌ಮೆಂಟ್’ ಎಲ್ಲವೂ ಸಾಲಾಗಿ ನಿಂತಿವೆ. ನಮ್ಮ ಕಣದ ಮಾತು ದೆಹಲಿಯ ಗೆಜೆಟ್ಟಿನಲ್ಲಿ ಅಚ್ಚಾಗಿರುವುದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಸುಂಕದ ಕಟ್ಟೆಯೆಂದರೆ ಪ್ರಪಂಚದ ಸಮಸ್ತ ವಸ್ತುಗಳಿಗೂ ಹಿಡಿದ ಜರಡಿ. ಜರಡಿಯ ಮೇಲೆ ಬದುಕುವ ನಾವೇ ಜರಡಿಯನ್ನು ಬಯ್ಯುವುದು ಹೇಗೆ?

ಅದಕ್ಕಿಂತ ಮುಜುಗರದ ಸಂಗತಿ ಅದೇ ಪುಟದ ಬಲಬದಿಯ ಅಂಕಣದಲ್ಲಿದೆ. ಹೊರದೇಶದ ಕಾಫಿಬೀಜ ನಮ್ಮ ಊರಿಗೆ ಬರಬೇಕಾದರೆ ಸುಂಕ ನೂರಕ್ಕೆ ನೂರು. ರಫ್ತಿಗಾಗಿ ಇನ್‌ಸ್ಟಂಟ್ ಕಾಫಿ ಮಾಡುವವರು ಸುಂಕವಿಲ್ಲದೆ ಬೀಜ ತರಿಸಲು ಅನುಮತಿಯಿದೆ, ಅದರ ಮೇಲೆ ನಮ್ಮ ಬೆಳೆಗಾರರ ಸಭೆಗಳಲ್ಲಿ ಆಗಾಗ ಧ್ವನಿ ಏರುವುದೂ ಉಂಟು. ಮೆಣಸಿನ ವಿಷಯದಲ್ಲಂತೂ, ವಿಯೆಟ್ನಾಮಿನ ಕಾಳು ಶ್ರೀಲಂಕೆಯ ಹೆಸರು ಹೊತ್ತು ಅಗ್ಗದ ಸುಂಕದಲ್ಲಿ ನುಸುಳುತ್ತಿದೆಯೆಂದು ಕೂಗೆದ್ದು, 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ಸರ್ಕಾರ ಗೊತ್ತುಮಾಡಿತು. ನಮ್ಮ ಬೀಜದ ಸುತ್ತ ನೂರರ ಕೋಟೆ ಇರಲಿ, ನಮ್ಮ ಮೆಣಸಿನ ಸುತ್ತ ಐನೂರರ ಬೇಲಿ ಇರಲಿ, ಹಾಳೆಯವನ ಹತ್ತರ ಮುಳ್ಳುತಂತಿ ಮಾತ್ರ ಕೂಡದು ಎಂದು ವಾದಿಸುವಾಗ ನನ್ನ ಮಿತ್ರರ ಧ್ವನಿ ತುಸು ತಗ್ಗಿತೆಂಬುದನ್ನು ಗಮನಿಸಿದೆ; ನನ್ನದೂ ತಗ್ಗಿತ್ತು.

ಪಾರದರ್ಶಕತೆ ಎಲ್ಲ ಸರಕಿಗೂ ಒಗ್ಗುವುದಿಲ್ಲವೆಂಬುದನ್ನೂ ಹೇಳಬೇಕು. ಏಲಕ್ಕಿಗೆ ಅದು ಬೇಕು. ಹಸುರು ಕಣ್ಣಿಗೆ ಬಿದ್ದರೇನೇ ಕೈ ಜೇಬಿಗೆ ಹೋಗುವುದು, ಅದೇ ಬೆಳಕು ಆ ಹಸುರನ್ನು ದಿನದಿನವೂ ಕದಿಯುತ್ತಿದ್ದರೂ. ಕಾಫಿಪುಡಿಗೆ ಬೆಳಕೂ ಶತ್ರು, ಗಾಳಿಯೂ ಶತ್ರು, ತೇವವೂ ಶತ್ರು. ಸಾಲದ್ದಕ್ಕೆ ಹೊಸದಾಗಿ ಹುರಿದ ಬೀಜ ಇಂಗಾಲದ ಡೈಆಕ್ಸೈಡನ್ನು ದಿನಗಟ್ಟಲೆ ಉಸಿರುಬಿಡುತ್ತದೆ. ಬಿಗಿಯಾಗಿ ಕಟ್ಟಿದರೆ ಪೊಟ್ಟಣ ಕಪ್ಪೆಯ ಹೊಟ್ಟೆಯಂತೆ ಉಬ್ಬುತ್ತದೆ. ಆದಕಾರಣ ಒಳಗಿನ ಉಸಿರನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ಒಳಬಿಡದ ಗುಂಡಿಯಗಲದ ಕವಾಟವೊಂದನ್ನು ಚೀಲಕ್ಕೆ ಕೂರಿಸುತ್ತಾರೆ. ಚೀಲವನ್ನೂ ಹೊರಗೆ ಪಾಲಿಯೆಸ್ಟರು, ನಡುವೆ ಅಲ್ಯುಮಿನಿಯಮ್ ತಗಡು, ಒಳಗೆ ಪಾಲಿಥೀನು, ಹೀಗೆ ಮೂರು ಪದರದ ಹಾಳೆಯಿಂದ ಮಾಡುತ್ತಾರೆ. ಆ ಮೂರು ಪದರದ ಹಾಳೆ ಸುರುಳಿಯಾಗಿ ಬಂದಾಗ ಅದು ಪ್ಲಾಸ್ಟಿಕ್ಕೋ, ಲೋಹವೋ? ಪ್ಲಾಸ್ಟಿಕ್ ಬೆನ್ನಿನ ಅಲ್ಯುಮಿನಿಯಮ್ ಎಂದರೆ 7607. ಅಲ್ಯುಮಿನಿಯಮ್ ಹೊಟ್ಟೆಯ ಪ್ಲಾಸ್ಟಿಕ್ ಎಂದರೆ 3921. ಸರಕಿಗೆ ಅದರ ಸಾರಭೂತವಾದ ಗುಣವನ್ನು ಕೊಡುವುದು ಯಾವ ಪದರವೆಂದು ವಿಚಾರಿಸಬೇಕೆಂಬುದು ನಿಯಮ. ವಿಚಾರಿಸಿಯೂ ತೀರ್ಮಾನವಾಗದಿದ್ದರೆ, ಸ್ಪರ್ಧೆಯಲ್ಲಿರುವ ಸಂಖ್ಯೆಗಳಲ್ಲಿ ಕೊನೆಯದನ್ನು ಹಿಡಿಯಬೇಕೆಂಬುದು ಇನ್ನೊಂದು ನಿಯಮ. ನಮ್ಮ ತಾರ್ಕಿಕರು ಇದನ್ನು ಕೇಳಿದ್ದರೆ ಒಂದು ವಾರ ವಾದಿಸಿ, ಕೊನೆಗೆ ಎರಡನೆಯ ನಿಯಮವನ್ನು ಕಂಡು ನಾಚಿಕೊಳ್ಳುತ್ತಿದ್ದರು.

ಇತ್ತ 2022ರ ಜುಲೈ 1ರಿಂದ ಮಿಠಾಯಿ ಡಬ್ಬಿ, ಆಹ್ವಾನಪತ್ರಿಕೆ, ಸಿಗರೇಟು ಪೊಟ್ಟಣಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಚಾರ್ಮಾಡಿಯ ತಿರುವುಗಳಲ್ಲಿ ಮಂಗಗಳು ಬಿಸಾಡಿದ ತಿಂಡಿಪೊಟ್ಟಣಗಳನ್ನು ಬಿಚ್ಚಿ ನೆಕ್ಕುವುದನ್ನು ಕಂಡವರಾರೂ ಇದಕ್ಕೆ ಅಡ್ಡಿ ಹೇಳಲಾರರು.

ಮಿತ್ರರು ಕಡೆಗೆ ಸಿದ್ಧ ಚೀಲವನ್ನೂ ತರಿಸಲಿಲ್ಲ, ಸುರುಳಿಯನ್ನೂ ತರಿಸಲಿಲ್ಲ. ಬೆಂಗಳೂರಿನ ವ್ಯಾಪಾರಿಯೊಬ್ಬನಿಂದ ದೇಶೀ ಚೀಲವನ್ನೇ ಕೊಂಡರು. ಮಿಕ್ಕ ಹಣದಲ್ಲಿ ಕಣದ ಮೇಲೆ ಕಮಾನು ಕಟ್ಟಿಸಿ, ಬಿಸಿಲಿಗೆ ಬೇಗ ಸೀಳದ 200 ಮೈಕ್ರಾನಿನ ತಿಳಿಹಾಳೆಯನ್ನು ಹೊದಿಸಿದರು. ಕೊಯ್ಲಿನ ಹೊತ್ತಿಗೇ ಬರುವ ಅಕಾಲದ ಮಳೆಗೆ ಎರಡು ವರ್ಷ ಚೆರಿ ಹುಳಿತುಹೋಗಿತ್ತು. ಡಿಸೆಂಬರಿನಲ್ಲಿ ನಾನು ಹೋದ ದಿನ ಸಣ್ಣಗೆ ಸೋನೆ ಹಿಡಿದಿತ್ತು. ಹಾಳೆಯ ಮೇಲೆ ಹನಿಗಳು ಜಾರುತ್ತಿದ್ದುವು. ಒಳಗೆ ಒಣಹಣ್ಣಿನ ಸಿಹಿಹುಳಿ ವಾಸನೆ ಬೆಚ್ಚಗೆ ತುಂಬಿತ್ತು. ಬೀಜವನ್ನು ಕಾಲಿನಿಂದ ಸಾಲುಸಾಲಾಗಿ ತಿರುವುತ್ತಿದ್ದ ಹೆಂಗಸೊಬ್ಬಳನ್ನು ತಲೆಯ ಮೇಲಿರುವುದು ಏನಮ್ಮ ಎಂದು ಕೇಳಿದೆ. ಅವಳು ತಲೆಯೆತ್ತದೆಯೇ ‘ಗಾಜಿನ ಟಾರ್ಪಾಲು’ ಎಂದಳು. ಮಿತ್ರರು ಕಿಸೆಯಿಂದ ಪೆನ್ನು ತೆಗೆದು ಆ ಹೆಸರನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು. ಮಂಗಳೂರಿನ ಏಜೆಂಟರಿಗೆ ತೋರಿಸಬೇಕಂತೆ.